ಏಳನೇ ಅಧ್ಯಾಯದಲ್ಲಿ ಸತ್ತ ಭಾವ

“ನಡುಮನೇಲಿ ಕರಡು ಬಿದ್ದಿದೆ, ಹುಷಾರು. ತುಳಿದ್ರೆ ನೀನು ಉಳಿಯಲ್ಲ,” ಎಂದರು ದೊಡ್ಡಪ್ಪ. ನನ್ನ ಕಿವಿಗೆ ಬಿದ್ದದ್ದು ‘ಕರಡಿ’. ವಿಮಾ ಕಚೇರಿಯಲ್ಲಿ ಟೈಪಿಂಗ್ ಕೆಲಸ ಸಿಕ್ಕಿತೆಂದು ಕೇಳಿ ದೊಡ್ಡಮ್ಮ ಕರೆಸಿದ್ದರು; ದೂರದ ಸಂಬಂಧದ ಈ ಮನೆಗೆ ಮೊದಲ ಸಲ ಹೋಗಿದ್ದೆ. ಒಂದು ಕಾಲಿನ ಶೂ ಕೈಯಲ್ಲಿ ಹಿಡಿದೇ, “ಕಟ್ಟಿಹಾಕಿದೀರಾ?” ಎಂದೆ.

“ಇನ್ನೂ ಇಲ್ಲ. ಎಲ್ಲಾ ಮುಗಿದ್ಮೇಲೆ ಕಟ್ತಾಳೆ.”

ಒಳಗೆ ನೆಲದ ತುಂಬ ಕಾದಂಬರಿಯ ಕರಡು ಹಾಳೆಗಳು, ನಡುವೆ ಮಂಡಿಯೂರಿದ ದೊಡ್ಡಮ್ಮ. ಶಾಲೆಯ ಗುಮಾಸ್ತೆಯಾಗಿ ನಿವೃತ್ತರಾದವರು. ಒಂಬತ್ತು ಕಾದಂಬರಿ ಮುಗಿಸಿ ಹತ್ತನೆಯದರಲ್ಲಿದ್ದರು. “ನನ್ನ ಅಕ್ಷರ ಯಾರಿಗೂ ಅರ್ಥವಾಗಲ್ಲ, ಟೈಪ್ ಮಾಡ್ಕೊಡೋ,” ಎಂದರು. ಅಕ್ಷರ ನೋಡಿದರೆ ಮುತ್ತು ಪೋಣಿಸಿದ ಹಾಗಿತ್ತು. ನನ್ನ ಬೆರಳಿನ ಕೀರ್ತಿ ಇಲ್ಲಿಯವರೆಗೂ ಹಬ್ಬಿದೆ ಎಂದು ಉಬ್ಬಿಹೋದೆ.

ಆಮೇಲೆ ಪ್ರತಿ ಭಾನುವಾರ ಬೆಳಿಗ್ಗೆ ಹಾಜರಿ. ಪಾತ್ರಕ್ಕೊಂದು ಚೀಟಿ ಬರೆದು ಗೋಡೆಗೆ ಅಂಟಿಸುವುದು ದೊಡ್ಡಮ್ಮನ ಪದ್ಧತಿ. ಪಾತ್ರ ಸತ್ತರೆ ಚೀಟಿಗೆ ಕೆಂಪು ಗೆರೆ. ಏಳನೇ ಅಧ್ಯಾಯದಲ್ಲಿ ನಾಯಕಿಯ ಭಾವ ಹೊಳೆಪಾಲಾದಾಗ ನಾನು ಮೂಗು ಸೀಟಿಕೊಂಡೇ ಟೈಪ್ ಮಾಡಿದ್ದೆ.

ಹತ್ತೊಂಬತ್ತನೇ ಅಧ್ಯಾಯದಲ್ಲಿ ಅದೇ ಭಾವ ಕುರ್ಚಿ ಎಳೆದುಕೊಂಡು ಕೂತು, ಕಾಫಿ ತಣ್ಣಗಾಗಿದೆ ಎಂದು ರೇಗಿದ.

ನನ್ನ ಬೆನ್ನು ತಣ್ಣಗಾಯಿತು. ಏನೋ ತಂತ್ರವಿರಬೇಕು, ನನ್ನಂಥ ದಡ್ಡನಿಗೆ ಹೊಳೆಯುತ್ತಿಲ್ಲ ಎಂದು ಸಮಾಧಾನ ಹೇಳಿಕೊಂಡು ಟೈಪ್ ಮಾಡಿದೆ. ಮುಂದಿನ ವಾರ ಭಾವ ಮಗಳ ಮದುವೆಗೆ ಓಡಾಡಿದ. ಅದನ್ನೂ ಮಾಡಿದೆ. ಬಾಯಿ ಬಿಡಲು ಧೈರ್ಯವಾಗಲಿಲ್ಲ.

ಮೂರನೇ ವಾರ ನೀರು ಕುಡಿಯಲು ಅಡುಗೆಮನೆಗೆ ಹೋದೆ. ಅಲ್ಲೂ ಚೀಟಿಗಳು. ‘ಗ್ಯಾಸ್ ಆರಿಸು.’ ‘ಮಾತ್ರೆ: ಬೆಳಿಗ್ಗೆ ಒಂದೇ.’ ಇವೂ ಕಾದಂಬರಿಯವೇ ಎಂದುಕೊಳ್ಳಲು ತಿಣುಕುತ್ತಿದ್ದೆ. ಆಗ ಡಬ್ಬಿಗಳ ಹಿಂದೆ, ಅದೇ ಮುತ್ತಿನಂಥ ಅಕ್ಷರದಲ್ಲಿ ಇನ್ನೊಂದು ಕಂಡಿತು: ‘ಭಾನುವಾರ ಬರುವವನು ದೂರದ ಸಂಬಂಧದಲ್ಲಿ ನನ್ನ ತಂಗಿಯ ಮಗ. ಟೈಪ್ ಮಾಡುತ್ತಾನೆ. ಯಾರು ನೀನು ಅಂತ ಕೇಳಬೇಡ.’

ಲೋಟ ಕೆಳಗಿಟ್ಟು, ನನ್ನ ಚೀಟಿಗೂ ಕೆಂಪು ಗೆರೆ ಇದೆಯೇ ಎಂದು, ನಾಚಿಕೆಯಿಲ್ಲದೆ, ಎರಡು ಸಲ ನೋಡಿದೆ.

ಹೊರಗೆ ಬಂದಾಗ ದೊಡ್ಡಮ್ಮ ಕೊನೆಯ ಅಧ್ಯಾಯದ ಹಾಳೆಗಳನ್ನು ನೆಲದ ಮೇಲೆ ಹರಡುತ್ತಿದ್ದರು. ದೊಡ್ಡಪ್ಪ ಅಂಗಡಿಗೆ ಹೋಗಿದ್ದರು.

“ದೊಡ್ಡಮ್ಮ… ಭಾವ ಹೊಳೇಲಿ ಸತ್ತಿದ್ದನಲ್ಲ?”

ಅವರ ಕೈ ನಿಂತಿತು. ಗೋಡೆ ನೋಡಿದರು, ಹಾಳೆ ನೋಡಿದರು.

“ಎಷ್ಟು ವಾರದಿಂದ ಓಡಾಡ್ತಿದಾನೆ?”

“ಎರಡು.”

ಕೇಳಿಯೇಬಿಟ್ಟೆ: “ನಿಮಗೆ ಮರೆವು ಶುರುವಾಗಿದ್ಯಾ?”

“ಆಗಿದೆ. ನನ್ನ ಅಕ್ಷರಕ್ಕೆ ಟೈಪಿಂಗ್ ಬೇಕಿತ್ತೇನೋ? ಸತ್ತವರು ಎದ್ದು ಬಂದ್ರೆ ಹೇಳ್ತೀಯ ಅಂತ ನಿನ್ನ ಕರೆಸ್ಕೊಂಡೆ. ಎರಡು ವಾರ ಸುಮ್ನೆ ಕೂತಿದ್ಯಲ್ಲೋ, ಹೇಡಿ!”