ಬನಶಂಕರೆವ್ವನ ಹಣೆಯ ಹಸಿರು ಬೊಟ್ಟು

ಬೆಟಗೇರಿಯ ಬನಶಂಕರೆವ್ವ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತರೆ, ಲಾಳಿಯ ಸದ್ದಿನಿಂದಲೇ ಓಣಿಯವರು ಆಕೆಯ ಸಿಟ್ಟು ಎಷ್ಟೆಂದು ಅಳೆಯುತ್ತಿದ್ದರು. ಮಗ ಮನೋಹರ ಸೀರೆ ಅಂಗಡಿ ತೆರೆಯುವವನಿದ್ದ. ಬೋರ್ಡಿನ ಮೇಲೆ ಅವ್ವನದೇ ಫೋಟೋ ಇರಬೇಕೆಂದು ಅವನ ಹಟ. ಸೊಸೆ ಪ್ರಿಯಾ ಮೊಬೈಲಿನಲ್ಲಿ ಫೋಟೋ ತೆಗೆದು, ಆ್ಯಪಿನಲ್ಲಿ ಫಿಲ್ಟರ್ ಹಾಕಿ ಅತ್ತೆಯ ಮುಂದೆ ಹಿಡಿದಳು.

"ನೋಡ್ರಿ ಅತ್ತಿ, ಹೆಂಗ ಕಾಣ್ತೀರಿ!"

ಬನಶಂಕರೆವ್ವ ಚಾಳೀಸು ಮೂಗಿಗೇರಿಸಿ ನೋಡಿದಳು. ಗಂಜಿ ಹಾಕಿ ಇಸ್ತ್ರಿ ತಿಕ್ಕಿದ ಅರಿವೆಯಂತೆ ಮುಖದಲ್ಲಿ ಒಂದೂ ಮಡಿಕೆಯಿಲ್ಲ.

"ಯಾರಿಕಿ? ನಿಮ್ಮ ತವರಮನಿಯಾಕಿ ಏನು?"

ಪ್ರಿಯಾ ನಕ್ಕಳು. ಬನಶಂಕರೆವ್ವ ನಗಲಿಲ್ಲ. ಹುಬ್ಬುಗಳ ನಡುವಿನ ಹಚ್ಚೆ ಬೊಟ್ಟು ಮಾಯವಾಗಿತ್ತು.

ಎಳವೆಯಲ್ಲಿ ಹಚ್ಚೆ ಹಾಕುವಾಕೆ ಸೂಜಿಯಿಂದ ಚುಚ್ಚಿದ ಬೊಟ್ಟು ಅದು. ಅವ್ವ ಎರಡೂ ಕೈ ಹಿಡಿದಿದ್ದಳು, ಈಕೆ ಅತ್ತಿರಲಿಲ್ಲ. ಗಂಡ ವೆಂಕಪ್ಪ ತೀರಿದ ದಿನ ಹೆಂಗಸರು ಈಕೆಯ ಬಳೆ ಒಡೆದರು. ನಾದಿನಿ ಲಕ್ಷ್ಮೀದೇವಿ ಒದ್ದೆ ಅರಿವೆಯಿಂದ ಹಣೆ ತಿಕ್ಕಿಯೇ ತಿಕ್ಕಿದಳು. ಕುಂಕುಮ ಹೋಯಿತು, ಅದರಡಿಯ ಹಸಿರು ಉಳಿಯಿತು.

"ನನ್ನ ಹಚ್ಚಿ ಎಲ್ಲೈತಿ?"

"ಮಾರಿಮ್ಯಾಗಿನ ಕಲಿ ಅಂತ ತಿಳಕೊಂಡು ಆ್ಯಪ ಅಳಸೇತ್ರಿ."

ಅಂಗಡಿ ಪೂಜೆಯ ತಯಾರಿಗೆಂದು ಬಂದಿದ್ದ ಅದೇ ಲಕ್ಷ್ಮೀದೇವಿ ಇಣುಕಿ ನೋಡಿದಳು. "ಚಲೋನ ಆತು ಬಿಡ ವೈನಿ. ಶುಭಕಾರ್ಯದ ಬೋರ್ಡು. ಗಂಡ ಇಲ್ಲದಾಕಿ ಹಣಿಮ್ಯಾಗ ಬೊಟ್ಟು ಯಾತಕ್ಕ? ಮಂದಿ ಏನಂದಾರು?"

"ಮಂದಿ ಸೀರಿ ನೋಡಾಕ ಬರ್ತಾರೋ, ನನ್ನ ಹಣಿ ನೋಡಾಕೋ? ಅವತ್ತು ತೊಗಲ ಸುಲಿಯೂಹಂಗ ತಿಕ್ಕಿದಿ, ಹೋತೇನು? ಇದು ನಮ್ಮವ್ವ ಹಾಕಿಸಿದ್ದು ಲಕ್ಷ್ಮೀ. ನಿಮ್ಮಣ್ಣ ಕೊಟ್ಟದ್ದಲ್ಲ, ಅವರ ಬೆನ್ನಿಗೆ ಹೋಗಾಕ."

"ಈ ವಯಸ್ಸಿನ್ಯಾಗೂ ನಿನ್ನ ನಾಲಗಿ ಸವದಿಲ್ಲ ನೋಡು."

"ಲಾಳಿ ಸವದಾವು. ನಾಲಗಿ ಇನ್ನೂ ಐತಿ."

ಪ್ರಿಯಾ ಪರದೆಯ ಕೆಳಗಿನ ಗೆರೆ ತೋರಿಸಿದಳು. "ಇದನ್ನ ಹಿಂದಕ ಎಳದ್ರ ಮೊದಲಿನಹಂಗ ಆಗತೈತ್ರಿ ಅತ್ತಿ."

ಬನಶಂಕರೆವ್ವ ತಾನೇ ಬೆರಳಿಟ್ಟು, ಎಳೆ ಹರಿಯದಂತೆ ನೂಲು ಎಳೆಯುವ ಹಾಗೆ, ನಿಧಾನ ಎಳೆದಳು. ಕಣ್ಣಿನ ಸುತ್ತ ಸುಕ್ಕು ಬಂತು. ಗಲ್ಲ ಕುಸಿಯಿತು. ಹುಬ್ಬಿನ ನಡುವೆ ಮಂಜು ಮಂಜಾಗಿ ಹಸಿರು ಮೂಡಿತು.

"ಸಾಕ್ರಿ?"

"ತಡಿ. ಪೂರಾ ಬರಲಿ."

"ಹಂಗಾದ್ರ ನಾ ಪೂಜಿಗೆ ಬರೂದಿಲ್ಲ," ಎಂದು ಲಕ್ಷ್ಮೀದೇವಿ ಸೆರಗು ಕೊಡವಿ ಎದ್ದಳು.

"ಬರಬ್ಯಾಡ. ಬಜಾರಕ್ಕಂತೂ ಬರ್ತಿಯಲ್ಲ, ಅವಾಗ ತಲಿ ಎತ್ತಿ ನೋಡು." ಬನಶಂಕರೆವ್ವ ಸೊಸೆಯತ್ತ ತಿರುಗಿದಳು. "ಮನೋಹರಗ ಹೇಳು, ಬೋರ್ಡಿನ್ಯಾಗ ನನ್ನ ಮಾರಿ ದೊಡ್ಡದು ಮಾಡಸಂತ."

ಲಕ್ಷ್ಮೀದೇವಿ ಹೇಳಿದಂತೆಯೇ ಬರಲಿಲ್ಲ. ಬೋರ್ಡು ಏರಿತು. ಅದರಲ್ಲಿ ಬನಶಂಕರೆವ್ವನ ಹಣೆಯ ಬೊಟ್ಟು ಊಟದ ಬಟ್ಟಲಿನಷ್ಟು ದೊಡ್ಡದಾಗಿ, ರಸ್ತೆಯ ಆಚೆ ದಂಡೆಗೂ ಹಸಿರಾಗಿ ಕಾಣುತ್ತಿತ್ತು.