ಪಕ್ಕೀರಮ್ಮನ ಮೂಗು ಮತ್ತು ಡೇರಿಯ ಯಂತ್ರ

ಪಕ್ಕೀರಮ್ಮನಿಗೆ ವಾಸನೆ ಹೋದದ್ದು ಊರಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಕೊರೋನಾ ಬಂದು ಹೋದ ವರ್ಷ ಅದು. ನಮ್ಮಿಬ್ಬರ ಮನೆಗೂ ಒಂದೇ ಗೋಡೆ. ಒಂದು ದಿನ ಬೇಳೆ ಸೀದ ಹೊಗೆ ಗೋಡೆ ದಾಟಿ ನಮ್ಮ ಅಡಿಗೆಮನೆಗೆ ಬಂತು. ನಾನು ಕೆಮ್ಮುತ್ತಾ ಓಡಿ ಹೋದರೆ ಅವಳು ಒಲೆಗೆ ಬೆನ್ನು ಹಾಕಿ ಹೊಸ್ತಿಲ ಮೇಲೆ ಕುಳಿತು ನಿಶ್ಚಿಂತೆಯಿಂದ ಬೆಳ್ಳುಳ್ಳಿ ಸುಲಿಯುತ್ತಿದ್ದಳು.

“ಯಾಕಲೇ ಓಡಿ ಬಂದಿ, ಯಾರರ ಸತ್ರೇನು?” ಅಂದಳು.

“ನಿನ್ನ ಬ್ಯಾಳಿ ಸತ್ತೈತಿ, ತಿರುಗಿ ನೋಡಕ್ಕ” ಅಂದೆ.

ತಿರುಗಿ ನೋಡಿದಳು. ಆಮೇಲೆ ಕೈಯಲ್ಲಿದ್ದ ಬೆಳ್ಳುಳ್ಳಿಯನ್ನು ಜಜ್ಜಿ ಮೂಗಿಗೆ ಹಿಡಿದಳು. ಕೊಬ್ಬರಿ ಎಣ್ಣೆಯ ಬಾಟಲಿ ಮೂಸಿದಳು. ಸೀಮೆಎಣ್ಣೆಯ ಬುಡ್ಡಿ ಮೂಸಿದಳು. ಕೊನೆಗೆ, “ಏನೂ ಇಲ್ಲಲೇ. ನೀರು ಮೂಸಿದಂಗಾಗತೈತಿ. ಯಾರಿಗೂ ಹೇಳಬ್ಯಾಡ” ಅಂದಳು.

ಬೇರೆ ಯಾರಿಗಾದರೂ ಮೂಗು ಹೋಗಿದ್ದರೆ ಚಿಂತೆಯಿರಲಿಲ್ಲ. ಪಕ್ಕೀರಮ್ಮ ನಮ್ಮೂರ ಹಾಲಿನ ಡೇರಿಯಲ್ಲಿ ಹಾಲು ಮೂಸುವವಳು. ಹೂವಿನಹಡಗಲಿ ಕಡೆಯಿಂದ ಬಂದ ಸೊಸೆ. ತವರಿನಲ್ಲಿ ಕುರಿ ಹಿಂಡಿನ ಹಿಂದೆಯೇ ಬೆಳೆದವಳು. ತಾಯಿ ಸತ್ತ ಮರಿಯನ್ನು ಬೇರೆ ಕುರಿ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಆ ಕುರಿಯದೇ ಹಾಲನ್ನು ಮರಿಯ ಮೈಗೆಲ್ಲ ತಿಕ್ಕಿ, ವಾಸನೆ ಹತ್ತಿಸಿ, ತನ್ನದೇ ಮರಿಯೆಂದು ನಂಬಿಸುವುದು ಅವಳಿಗೆ ಮದುವೆಗೆ ಮುಂಚೆಯೇ ಬರುತ್ತಿತ್ತಂತೆ. ಡೇರಿ ಶುರುವಾದ ಹೊಸತರಲ್ಲಿ ಕ್ಯಾನಿನ ಹಾಲು ಒಡೆದು ವಾಪಸ್ಸು ಬರುತ್ತಿತ್ತು. ಒಮ್ಮೆ ಇವಳು ಓಬಳೇಶಪ್ಪನ ಬಕೆಟ್ಟಿನ ಮೇಲೆ ಬಗ್ಗಿ, “ಇದು ನಿನ್ನೆ ಸಂಜಿ ಕರೆದದ್ದು, ಮ್ಯಾಲೆ ಇವತ್ತಿಂದು ಸುರುವ್ಯಾನ” ಅಂದಳು. ಅವನು ಆಣೆ ಮಾಡಿದ. ಕಾಸಿ ನೋಡಿದರೆ ಒಡೆಯಿತು. ಅವತ್ತಿನಿಂದ ಡೇರಿಯ ಬಾಗಿಲಲ್ಲಿ ಅವಳಿಗೊಂದು ಸ್ಟೂಲು. ಗಂಡ ಸತ್ತ ಮೇಲೆ ಅವಳಿಗೆ ಊರಲ್ಲಿ ಉಳಿದ ಮರ್ಯಾದೆಯೆಲ್ಲ ಆ ಸ್ಟೂಲಿನ ಮೇಲೇ ಇತ್ತು. ಅದರ ಮೇಲೆ ಕೂತಾಗ ಮಾತ್ರ ಗಂಡಸರು ಅವಳೆದುರು ಕೈಕಟ್ಟಿ ನಿಲ್ಲುತ್ತಿದ್ದರು.

ಮೂಗು ಹೋದ ಮರುದಿನವೂ ಹೋಗಿ ಅದರ ಮೇಲೆ ಕುಳಿತಳು. ಬಗ್ಗಿದಳು, ಕಣ್ಣು ಮುಚ್ಚಿದಳು, ಉಸಿರೆಳೆದಳು. ನೋಡಿದವರು ಮೂಗು ಮೊದಲಿಗಿಂತ ಚುರುಕಾಗಿದೆ ಅಂದುಕೊಂಡರು.

“ಹೆಂಗ ನಡಸ್ತಿ ಅಕ್ಕ?” ಎಂದು ಕೇಳಿದೆ.

“ಹಾಲಿಗಿಂತ ಮೊದ್ಲು ಮುಖ ಕೆಡತೈತಿ ಬಿಡ. ಕೆಟ್ಟ ಹಾಲು ತಂದೋನು ನನ್ನ ಕಣ್ಣಾಗ ನೋಡಂಗಿಲ್ಲ. ಬಕೆಟ್ ತಿಕ್ಕ್ಯಾರೋ ಇಲ್ಲೋ ಅಂಚು ಹೇಳತೈತಿ. ಯಾರು ತಡ ಮಾಡಿ ಬಂದ್ರು ಅಂತ ಬಿಸಿಲು ಹೇಳತೈತಿ.”

“ಅದೂ ತಿಳೀದಿದ್ರ?”

“ಹಣಿ ನೋಡ್ತೀನಿ. ಅರಿಶಿನದ ಭಂಡಾರ ಇದ್ರ ಒಳಗ ಬಿಡ್ತೀನಿ. ಮೂಗು ಇದ್ದಾಗ ಪೂಜಾರಿ ಹಾಲೂ ವಾಪಸ್ ಕಳಿಸೀನಿ. ಈಗ ನನಗ ತಿಳಿಯಂಗಿಲ್ಲ. ಮೈಲಾರಪ್ಪನ ಭಂಡಾರ ಹಚ್ಚಿಕೊಂಡು ಬಂದೋನ್ನ ಸುಳ್ಳಾ ಅನ್ನಾಕ ನನಗೆಲ್ಲಿ ಧೈರ್ಯ? ಆ ದೇವ್ರಿಗೇ ಬಿಟ್ಟೀನಿ.”

ಹೀಗೆ ಕೆಲವು ವರ್ಷ ನಡೆಯಿತು. ಒಮ್ಮೊಮ್ಮೆ ಹಾಲು ಒಡೆಯುತ್ತಿತ್ತು. ಅದು ಮೊದಲೂ ಒಡೆಯುತ್ತಿತ್ತು.

ಹೋದ ವರ್ಷ ಸೌಭಾಗ್ಯ ಎಂಬ ಲ್ಯಾಬಿನ ಮೇಡಂ ಹಾಲು ಮೂಸುವ ಯಂತ್ರ ತಂದರು. ದೊಡ್ಡ ಟಿಫಿನ್ ಕ್ಯಾರಿಯರಿನಷ್ಟು ಡಬ್ಬಿ, ಅದಕ್ಕೊಂದು ಸೊಂಡಿಲು. ಡೇರಿಯ ಸೆಕ್ರೆಟರಿ ಗುರುಮೂರ್ತಿ ಎಲ್ಲರನ್ನೂ ಕರೆಸಿದ್ದ. ಮೇಡಂ ನಿಧಾನವಾಗಿ ಹೇಳಿದರು. ರೇಷ್ಮೆ ಹುಳು ಚಿಟ್ಟೆಯಾದ ಮೇಲೆ ಅದರ ಮೀಸೆಯಲ್ಲಿ ಒಂದು ಪ್ರೋಟೀನು ಇರುತ್ತದಂತೆ. ಗಾಳಿಯಲ್ಲಿ ಬಂದ ವಾಸನೆಯನ್ನು ಹಿಡಿದಿಟ್ಟುಕೊಳ್ಳುವುದು ಅದೇ. ಆ ಪ್ರೋಟೀನನ್ನು ಇವರು ಲ್ಯಾಬಿನಲ್ಲಿ ಅಲ್ಲಷ್ಟು ಇಲ್ಲಷ್ಟು ಬದಲಾಯಿಸಿ ಹೊಸದಾಗಿ ಮಾಡಿದ್ದಾರಂತೆ. ಡಬ್ಬಿಯೊಳಗೆ ಅದನ್ನು ತೆಳ್ಳಗೆ ಬಳಿದಿದ್ದಾರೆ. ವಾಸನೆ ಹತ್ತಿದರೆ ಕರೆಂಟಿನಲ್ಲಿ ಸಣ್ಣ ವ್ಯತ್ಯಾಸವಾಗುತ್ತದೆ, ಯಂತ್ರ ಅದನ್ನು ಓದಿಕೊಳ್ಳುತ್ತದೆ.

“ಪ್ರೋಟೀನ್ ಅಂದ್ರ ಅಂಗನವಾಡ್ಯಾಗ ಕೊಡ್ತಾರಲ್ಲ, ಆ ಪುಡಿ ಏನ್ರಿ?” ಎಂದು ಓಬಳೇಶಪ್ಪ ಕೇಳಿದ.

“ಅದರಲ್ಲೂ ಇರುತ್ತೆ. ಇದು ಬೇರೆ ಥರದ್ದು.”

“ಹಂಗಾರ ಇದು ಹುಳದ ಮೂಗು. ಪಕ್ಕೀರಕ್ಕ, ನಿನಗೊಬ್ಬ ತಮ್ಮ ಹುಟ್ಯಾನ ನೋಡು.”

“ಹುಟ್ಲಿ. ನಿನ್ನ ಬಕೀಟಿಗೆ ಒಂದು ಮೂಗು ಸಾಲಂಗಿಲ್ಲ” ಅಂದಳು ಪಕ್ಕೀರಮ್ಮ. ಮಾತು ಗಟ್ಟಿಯಾಗೇ ಬಂತು. ಕೈ ಮಾತ್ರ ಸ್ಟೂಲನ್ನು ಹಿಡಿದುಕೊಂಡಿತ್ತು.

ಹುಟ್ಟಿದ ಕೂಸಿನ ಹಾಗೆ ಆ ಯಂತ್ರಕ್ಕೆ ಯಾವುದು ಒಳ್ಳೆಯದು, ಯಾವುದು ಕೆಟ್ಟದ್ದು ತಿಳಿಯುವುದಿಲ್ಲವಂತೆ. ಯಾರಾದರೂ ಕಲಿಸಬೇಕು. ಕಲಿಸುವುದಕ್ಕೆ ಪಕ್ಕೀರಮ್ಮನ ಮೂಗೇ ಆಗಬೇಕೆಂದು ಮೇಡಂ ಹಠ ಹಿಡಿದಿದ್ದರು. ಸುತ್ತಲ ಹತ್ತು ಹಳ್ಳಿಯಲ್ಲಿ ಅವರು ಕೇಳಿದ ಹೆಸರು ಅದೊಂದೇ. ಆಗುವುದಿಲ್ಲ ಎಂದರೆ ಯಾಕೆ ಎಂದು ಕೇಳುತ್ತಾರೆ. ಪಕ್ಕೀರಮ್ಮ ಹೂಂ ಅಂದಳು.

ದಿನಾ ಬೆಳಗ್ಗೆ ಬಕೆಟ್ಟಿಗೆ ಮೊದಲು ಸೊಂಡಿಲು ಇಳಿಯುತ್ತಿತ್ತು, ಆಮೇಲೆ ಪಕ್ಕೀರಮ್ಮ ಬಗ್ಗುತ್ತಿದ್ದಳು. ಚಲೋ ಎಂದರೆ ಮೇಡಂ ಹಸಿರು ಗುಂಡಿ ಒತ್ತುತ್ತಿದ್ದರು, ಕೆಟ್ಟೈತಿ ಎಂದರೆ ಕೆಂಪು. ಭಾನುವಾರ ಬಂದರೆ ಬರೀ ಹಸಿರು. ಅವತ್ತು ಮೈಲಾರಪ್ಪನ ವಾರ. ಕುರಿಯವರು, ಒಕ್ಕಲಿನವರು ಎಲ್ಲ ಹಣೆ ತುಂಬ ಭಂಡಾರ ಬಳಿದುಕೊಂಡು, ಅದೇ ಹಳದಿ ಕೈಯಲ್ಲಿ ಬಕೆಟ್ ಹಿಡಿದು ಬರುತ್ತಿದ್ದರು.

“ಇಲ್ಲಿ ಭಾನುವಾರದ ಹಾಲು ಎಷ್ಟು ಶುದ್ಧ” ಎಂದು ಮೇಡಂ ಗುರುಮೂರ್ತಿಗೆ ಹೇಳಿದ್ದನ್ನು ನಾನೇ ಕೇಳಿದ್ದೇನೆ.

ಯಂತ್ರ ಕಲಿತು ಮುಗಿಸಿತು. ಪಕ್ಕೀರಮ್ಮನಿಗೆ ಶಾಲು ಹೊದಿಸಿ, ಫೋಟೋ ತೆಗೆದು, ಕೈಗೆ ಹಣ್ಣಿನ ಬುಟ್ಟಿ ಕೊಟ್ಟರು. ಸ್ಟೂಲಿನ ಮೇಲೆ ಯಂತ್ರವನ್ನು ಇಟ್ಟರು. ಅದಕ್ಕೆ ಅಷ್ಟೇ ಎತ್ತರ ಬೇಕಾಗಿತ್ತಂತೆ.

ಅಲ್ಲಿಂದ ಮುಂದೆ ಬೆಳಗಾದರೆ ಪಕ್ಕೀರಮ್ಮ ಎಲ್ಲರಿಗಿಂತ ಮೊದಲು ಸ್ನಾನ ಮಾಡಿ, ಹೋಗಲು ಜಾಗವಿಲ್ಲದೆ ಕಟ್ಟೆಯ ಮೇಲೆ ಕೂರುತ್ತಿದ್ದಳು. ಹಾಲಿಗೆ ಹೋಗುವವರು ಈಗ ಅವಳನ್ನು ನೋಡಿ ನಿಲ್ಲುತ್ತಿರಲಿಲ್ಲ.

ಮೊದಲು ಗುಟ್ಟು ಹಿಡಿದವನು ಓಬಳೇಶಪ್ಪ. ಭಾನುವಾರ ಹಸಿರು ದೀಪ ಕಂಡ ಅವನ ಹಳೆ ಹಾಲು ಸೋಮವಾರ ಕೆಂಪು ಕಂಡಿತು. ಮಂಗಳವಾರ ಹಣೆಗೆ ಹಚ್ಚಿಕೊಂಡು ಹೋದ, ದೀಪ ಮಿಣುಕಿತು. ಬುಧವಾರ ಬಕೆಟ್ಟಿನ ಹಿಡಿಕೆಗೇ ಒಂದಿಷ್ಟು ಸವರಿದ, ಹಸಿರು. ಇಂಥ ವಿದ್ಯೆ ಒಬ್ಬನ ಹತ್ತಿರ ಎಷ್ಟು ದಿನ ನಿಂತೀತು? ವಾರದೊಳಗೆ ಊರಿಗೆ ಊರೇ ಹಳದಿಯಾಯಿತು. ಕೈ ಮುಗಿದು ಗೊತ್ತಿಲ್ಲದವರೂ ಹಣೆ ತುಂಬಿಕೊಂಡರು. ಮಂಜಣ್ಣನ ಅಂಗಡಿಯಲ್ಲಿ ಭಂಡಾರ ಖಾಲಿಯಾಗಿ ಹರಪನಹಳ್ಳಿಯಿಂದ ಚೀಲದಲ್ಲಿ ಬಂತು. ಊರಿಗೆ ಇಷ್ಟು ಭಕ್ತಿ ಎಲ್ಲಿಂದ ಬಂತೆಂದು ತಿಳಿಯದೆ ಪೂಜಾರಿ ಗುಡಿಯ ಬಾಗಿಲನ್ನು ಬೇಗ ತೆಗೆಯತೊಡಗಿದ.

ಆಯುಧಪೂಜೆಯ ದಿನ ಗುರುಮೂರ್ತಿ ತೂಕದ ಯಂತ್ರಕ್ಕೆ, ತನ್ನ ಬೈಕಿಗೆ, ಹಾಲಿನ ಕ್ಯಾನುಗಳಿಗೆ ಪೂಜೆ ಮಾಡಿದ. ಹೊಸ ಯಂತ್ರವನ್ನು ಬಿಟ್ಟರೆ ಮೇಡಂ ಬೇಸರ ಮಾಡಿಕೊಂಡಾರೆಂದು ಅದರ ಸೊಂಡಿಲಿನ ತುದಿಗೆ ಮೂರು ಬೆರಳಿನಿಂದ ಭಂಡಾರ ಬಳಿದು, ಕುಂಕುಮ ಇಟ್ಟು, ಹೂವು ಸಿಕ್ಕಿಸಿದ. ದೇವರ ಭಂಡಾರವನ್ನು ಒರೆಸುವುದಕ್ಕೆ ಯಾರಿಗೂ ಕೈ ಬರಲಿಲ್ಲ.

ಅವತ್ತಿನಿಂದ ಯಂತ್ರ ಕೆಂಪು ದೀಪವನ್ನೇ ಮರೆಯಿತು. ಮಜ್ಜಿಗೆ ತೋರಿಸಿದರೂ ಹಸಿರು. ಹಗರಿಬೊಮ್ಮನಹಳ್ಳಿಯ ದೊಡ್ಡ ಡೇರಿಯ ತನಕ ಹೋದ ಕ್ಯಾನುಗಳು ಅಲ್ಲಿಂದ ಹಾಗೇ ತಿರುಗಿ ಬಂದವು. ಊರ ನಾಯಿಗಳಿಗೆ ಮಾತ್ರ ಹಬ್ಬ ಮುಗಿಯಲಿಲ್ಲ.

ಸೌಭಾಗ್ಯ ಮೇಡಂ ಮತ್ತೆ ಬಂದರು. ಡಬ್ಬಿ ಬಿಚ್ಚಿ ನೋಡಿದರು, ಲ್ಯಾಪ್‌ಟಾಪ್ ನೋಡಿದರು, ಅನ್ನ ಬಿಟ್ಟರು. ಪಕ್ಕೀರಮ್ಮನನ್ನು ಕರೆಸಿದರು. ಅವಳು ನನ್ನನ್ನು ಜೊತೆಗೆ ಎಳೆದುಕೊಂಡೇ ಹೋದಳು. ದಾರಿಯಲ್ಲಿ ಒಂದೇ ಮಾತು: “ಈಗೇನರ ಬಾಯಿ ಮುಚ್ಚಿಕೊಂಡಿದ್ರ ಸ್ಟೂಲು ನನಗ ವಾಪಸ್ ಬರತೈತಿ.”

ಮೇಡಂ ಕುಗ್ಗಿ ಕೂತಿದ್ದರು. “ಅಜ್ಜಿ, ನೀವು ಕಲಿಸಿದ್ದರಲ್ಲಿ ತಪ್ಪಿಲ್ಲ. ತಪ್ಪು ನಮ್ಮ ಪ್ರೋಟೀನಿನದ್ದೇ. ಆರು ವರ್ಷ ಅದಕ್ಕೇ ಹಾಕಿದೀನಿ. ಇನ್ನು ಎಲ್ಲಾನೂ ಚೆಲ್ಲಿ ಮೊದಲಿಂದ ಮಾಡಬೇಕು” ಅಂದರು.

ಪಕ್ಕೀರಮ್ಮ ಸ್ಟೂಲನ್ನು ನೋಡಿದಳು. ಮೇಡಮ್ಮನ ಬಾಡಿದ ಮುಖ ನೋಡಿದಳು. ಮುಖ ಓದುವುದು ಅವಳಿಗೆ ಚಟವಾಗಿ ಹೋಗಿತ್ತು.

“ಪಾಪದ ಹುಳದ ಮ್ಯಾಲೆ ಹೊರಸಬ್ಯಾಡ ತಾಯಿ” ಅಂದಳು. “ಕೊರೋನಾದಾಗ ನನ್ನ ಮೂಗು ಹೋಗೈತಿ. ನಾ ಹಾಲು ಮೂಸೇ ಇಲ್ಲ. ಭಂಡಾರ ಇದ್ದೋರದೆಲ್ಲ ಚಲೋ ಅಂದೀನಿ. ಅದನ್ನ ಅದು ಕಲ್ತೈತಿ.”

ಗುರುಮೂರ್ತಿ ಬಾಯಿ ತೆರೆದವನು ಮುಚ್ಚಲಿಲ್ಲ. ಮೇಡಂ ಎದ್ದು ಬಂದು ಪಕ್ಕೀರಮ್ಮನ ಎರಡೂ ಕೈ ಹಿಡಿದುಕೊಂಡರು. ಕಣ್ಣಲ್ಲಿ ನೀರು.

“ಹಾಗಾದ್ರೆ ಯಂತ್ರ ಸರಿಯಾಗೇ ಇದೆ ಅಜ್ಜಿ. ನೀವು ಕಲಿಸಿದ್ದನ್ನ ಒಂದು ಚೂರೂ ಬಿಡದೆ ಕಲಿತಿದೆ. ಅಷ್ಟು ಸಣ್ಣ ಅರಿಶಿನದ ವಾಸನೇನೂ ಹಿಡಿದಿದೆ.”

ತಪ್ಪು ಒಪ್ಪಿಕೊಂಡು ಬೈಸಿಕೊಳ್ಳಲು ಹೋದವಳಿಗೆ ಎರಡನೇ ಶಾಲು ಸಿಕ್ಕಿತು. ಮೇಡಂ ಖುಷಿಯಿಂದ ಡಬ್ಬಿ ಕಟ್ಟಿಕೊಂಡು ಹೋದರು. ಅದಕ್ಕೆ ಬೇರೆ ಕಡೆ ಹೊಸದಾಗಿ ಪಾಠ ಆಗುತ್ತದಂತೆ.

ಸ್ಟೂಲು ಖಾಲಿ ಉಳಿಯಿತು. ಪಕ್ಕೀರಮ್ಮನ ಮೂಗಿನ ಸುದ್ದಿ ಸಂಜೆಯೊಳಗೆ ಕೂಡ್ಲಿಗಿ ಮುಟ್ಟಿತ್ತು. ಗುರುಮೂರ್ತಿ ಊರವರನ್ನು ಸೇರಿಸಿ, ಮೂಗು ಇದ್ದವರು ಯಾರಾದರೂ ಮುಂದೆ ಬನ್ನಿ ಅಂದ. ಎಲ್ಲರಿಗೂ ಮೂಗಿತ್ತು. ಯಾರೂ ಬರಲಿಲ್ಲ.

“ದಿನಾ ಬೆಳಗೆದ್ದು ಬೀಗರ ಹಾಲು, ಅಣ್ತಮ್ಮರ ಹಾಲು ಕೆಟ್ಟೈತಿ ಅಂತ ಹೇಳಿ ಯಾರು ಬೈಸಿಗೊಳ್ತಾರ್ರಿ?” ಎಂದು ಓಬಳೇಶಪ್ಪನೇ ಹೇಳಿದ. “ಪಕ್ಕೀರಕ್ಕನಿಗೆ ರೂಢಿ ಐತಿ. ಆಕಿನೇ ಕುಂದರ್ಲಿ ಬಿಡ್ರಿ.”

ಹೀಗೆ ಮೂಗಿದ್ದವರೆಲ್ಲ ಸೇರಿ ಮೂಗಿಲ್ಲದವಳನ್ನು ಒಮ್ಮತದಿಂದ ಆರಿಸಿದರು.

ಈಗ ಸ್ಟೂಲಿನ ಪಕ್ಕದಲ್ಲಿ ಒಂದು ಸಣ್ಣ ಗ್ಯಾಸಿನ ಒಲೆ ಇದೆ. ಅನುಮಾನ ಬಂದರೆ ಒಂದು ಸೌಟು ಹಾಲು ಕಾಸುತ್ತಾಳೆ. ಹೋದ ಭಾನುವಾರ ಓಬಳೇಶಪ್ಪ ಹುಬ್ಬು ಕಾಣದಷ್ಟು ಭಂಡಾರ ಬಳಿದುಕೊಂಡು ಬಂದ. ನಾನು ಅವನ ಹಿಂದೆಯೇ ನಿಂತಿದ್ದೆ. ಪಕ್ಕೀರಮ್ಮ ಎದ್ದು ನಿಂತು ಅವನ ಹಣೆಗೆ ಕೈ ಮುಗಿದಳು. ಆಮೇಲೆ ಕುಳಿತು ಒಲೆ ಹಚ್ಚಿದಳು.

“ಇದ್ಯಾಕಕ್ಕ, ಮೈಲಾರಪ್ಪನ ಮ್ಯಾಲೆ ನಂಬಿಕಿ ಹೋತೇನು?” ಅಂದ ಅವನು.

“ಅವನ ಮ್ಯಾಲೆ ಐತಿ” ಅಂದಳು, ಸೌಟು ಅದ್ದುತ್ತಾ. “ಬಕೀಟು ನಿಂದಲ್ಲೇನು?”

ಹಾಲು ಒಡೆಯಿತು.