ಬಸವಣ್ಣನಿಗೆ ಕೇಳಿದ ಗೇರಿನ ಪ್ರಶ್ನೆ

ಬಸವಣ್ಣನ ಬಲಗಡೆಯ ಸೇವಂತಿಗೆ ಜಾರಿ ಬಿದ್ದದ್ದೇ ತಡ, ಅವ್ವ ಮತ್ತು ನಾನು ಒಟ್ಟಿಗೇ ಖುಷಿಯಿಂದ ಕೈಮುಗಿದೆವು. ಕುರುಗೋಡಿನ ನಮ್ಮ ಮನೆಯಲ್ಲಿ ಏನೇ ತೀರ್ಮಾನವಿದ್ದರೂ ದೇವರ ಎರಡೂ ಬದಿಗೆ ಹೂವಿಟ್ಟು ಮನಸ್ಸಿನಲ್ಲೇ ಕೇಳುತ್ತೇವೆ. ಬಲದ್ದು ಬಿದ್ದರೆ ಹೂಂ, ಎಡದ್ದು ಬಿದ್ದರೆ ಬೇಡ. ಈ ಸಲ ಕೇಳಿದ್ದು ಸಿರುಗುಪ್ಪಕ್ಕೆ ಭತ್ತ ಒಯ್ಯುವ ಪಿಕಪ್‌ನ ಹಿಂಚಕ್ರ ತಿರುಗಿಸುವ ಡಿಫರೆನ್ಶಿಯಲ್ ಗೇರ್ ಸವೆದಿತ್ತು, ಅದನ್ನು ಬದಲಿಸುವ ವಿಷಯ.

ಜಾಕ್ ಹಚ್ಚಿ ಗಾಡಿಯ ಕೆಳಗೆ ತೂರಿದೆ. ಅವ್ವ ಕಾಲು ಹಿಡಿದು ಹೊರಗೆಳೆದಳು.

"ಏನ್ ಮಾಡಾಕತ್ತೀಲೇ? ಬಳ್ಳಾರಿ ಮಿಸ್ತ್ರಿ ಕಡಿ ಕಳಸ್ಲೇನು ಅಂತ ಕೇಳಿದ್ದೆ, ಬಲ ಕೊಟ್ಟಾನ!"

"ಯವ್ವಾ, ನಾನ ಬದ್ಲಿ ಮಾಡ್ಲೇನು ಅಂತ ನಾ ಕೇಳಿದ್ದೆ!"

ಮತ್ತೆ ಹೂವಿಟ್ಟು, ನಾನೇ ಮಾಡಲೇ ಎಂದು ಗಟ್ಟಿಯಾಗಿ ಕೇಳಿದೆವು. ಊಟದ ಹೊತ್ತಾದರೂ ಒಂದೂ ಬೀಳಲಿಲ್ಲ. ಸೆಕೆ ತಾಳಲಾರದೆ ಅವ್ವ ಫ್ಯಾನ್ ಹಾಕಿದಳು. ಎರಡೂ ಒಮ್ಮೆಗೇ ಬಿದ್ದವು.

"ನೋಡು, ಇಬ್ರೂ ಕೂಡಿ ಬಳ್ಳಾರಿಗೆ ಹೋಗ್ರಿ ಅನ್ನಾಕತ್ತಾನ" ಎಂದು ಅವ್ವ ಸೀರೆ ಬದಲಿಸಲು ಎದ್ದಳು.

ಗಾಡಿ ಬಳ್ಳಾರಿಯಲ್ಲೇ ರಿಪೇರಿಯಾಯಿತು. ಈಗ ಹೂವಿಡುವ ಮುಂಚೆ ಪ್ರಶ್ನೆಯನ್ನು ಎಲ್ಲರಿಗೂ ಕೇಳುವಂತೆ ಹೇಳಬೇಕೆಂದು ಮನೆಯಲ್ಲಿ ಕಾಯ್ದೆ ಮಾಡಿದ್ದೇನೆ. ಅವ್ವ ಹೇಳುತ್ತಾಳೆ ಕೂಡ. ಹೇಳಿದ ಮೇಲೂ ಅವಳ ತುಟಿ ಮಾತ್ರ ಸ್ವಲ್ಪ ಹೊತ್ತು ಅಲ್ಲಾಡುತ್ತಲೇ ಇರುತ್ತದೆ.